‘ಅವನಿಗೆ ಫೋನ್ ಕೊಡಮ್ಮ’

(ಗುರುತು ಸಿಗದಂತೆ ಹೆಸರು, ಊರು, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಿತ್ರಮ್ಮ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದಾಗ ಕೈಯಲ್ಲೊಂದು ಹಳೇ ಡೈರಿ ಇತ್ತು. ವಯಸ್ಸು 61, ಹಾಸನದ ಕಡೆಯವರು, ನಿವೃತ್ತ ಶಿಕ್ಷಕಿ. ಕೂತವರೇ, “ಮೇಡಂ, ನಾನೊಂದು ಸುಳ್ಳು ಹೇಳಿಬಿಟ್ಟಿದ್ದೀನಿ” ಎಂದರು.

ಏಪ್ರಿಲ್ ಕೊನೆಯಲ್ಲಿ ಅವರ ಯಜಮಾನರು ಹೃದಯಾಘಾತದಿಂದ ತೀರಿಕೊಂಡಿದ್ದರು. ಡೈರಿ ಅವರದೇ. ಸುಮಾರು 40 ಮನೆಗಳ ನಂಬರು. ಯುಗಾದಿಗೆ, ದೀಪಾವಳಿಗೆ ಒಂದೊಂದೇ ಮನೆಗೆ ಫೋನ್ ಮಾಡಿ ಯಾರ ಮದುವೆ, ಯಾರ ಮಂಡಿನೋವು ಎಲ್ಲ ವಿಚಾರಿಸುತ್ತಿದ್ದರಂತೆ. ಸುಮಿತ್ರಮ್ಮ ಪಕ್ಕದಲ್ಲಿ ಕೂತು ಕೊನೆಯಲ್ಲಿ ಎರಡು ಮಾತಾಡಿದರೆ ಆಯಿತು.

ಸಾವಿನ ದಿನ ಮಗ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದ. ಎಲ್ಲರಿಗೂ ಗೊತ್ತಾಯಿತು ಅಂದುಕೊಂಡರು. ಮುಂಬೈ ಹತ್ತಿರದ ಡೊಂಬಿವಲಿಯ ಭಾವನಿಗೆ ಗೊತ್ತಾಗಿರಲಿಲ್ಲ. ಭಾವ ಅಂದರೆ ಯಜಮಾನರ ದೊಡ್ಡಪ್ಪನ ಮಗ, 79 ವರ್ಷ, ವಾಟ್ಸಾಪ್ ಇಲ್ಲ. ಅವರ ಮಗ ಯಾವುದೋ ರಾಜಕೀಯದ ಜಗಳದಲ್ಲಿ ಗ್ರೂಪ್ ಬಿಟ್ಟು ಹೋಗಿದ್ದ. (ಇದು ನಾನು ಕೇಳುತ್ತಿರುವ ಮೊದಲ ಪ್ರಕರಣವೇನಲ್ಲ!) ದೀಪಾವಳಿಗೆ ಭಾವನೇ ಫೋನ್ ಮಾಡಿದರು. “ಏನಮ್ಮಾ, ಹಬ್ಬಕ್ಕೆ ಫೋನೇ ಇಲ್ವಲ್ಲ! ಅವನಿಗೆ ಫೋನ್ ಕೊಡಮ್ಮ.”

“ಹೊರಗೆ ಹೋಗಿದ್ದಾರೆ ಭಾವ” ಎಂದರು ಇವರು.

ಅದಾಗಿ ಮೂರು ವಾರ ಸರಿಯಾಗಿ ನಿದ್ದೆ ಇಲ್ಲ. ಇದರ ಜೊತೆಗೆ ಹಬ್ಬದ ಹಿಂದಿನ ವಾರವಷ್ಟೇ ಮಗಳಿಗೆ ಹೆರಿಗೆಯಾಗಿ ಮನೆಗೆ ಹೆಣ್ಣುಮಗು ಬಂದಿತ್ತು. ಆ ಸುದ್ದಿಯೂ ಯಾರಿಗೂ ಹೋಗಿಲ್ಲ. ಫೋನ್ ಮಾಡಿದರೆ ಮೊದಲು ಆ ಕಡೆಯವರು ಅಳುತ್ತಾರೆ, ಸಮಾಧಾನ ಇವರೇ ಹೇಳಬೇಕು. ಆಮೇಲೆ “ಎಷ್ಟು ಗಂಟೆಗಾಯ್ತು? ಆಸ್ಪತ್ರೆಗೆ ಬೇಗ ಕರ್ಕೊಂಡು ಹೋಗ್ಬೇಕಿತ್ತು ಅಲ್ವಾ?” ಎಂಬ ವಿಚಾರಣೆ. ಮೇಲಿಂದ ಮನೆಯ ಹಿರಿಯರೊಬ್ಬರು ಹೇಳಿದ್ದರು: “ಈ ವರ್ಷ ಶುಭ ಸುದ್ದಿ ನೀನು ಹೇಳೋದು ಬೇಡ, ಮಗನ ಹತ್ರ ಹೇಳಿಸು.”

ಹಿಂದೆ ಸಾವಿನ ಸುದ್ದಿ ಮುಟ್ಟಿಸುವ ಕೆಲಸ ತಂತಿ (ಟೆಲಿಗ್ರಾಂ) ಮಾಡುತ್ತಿತ್ತು. ಮನೆಗೆ ತಂತಿ ಬಂತು ಅಂದರೆ ಓದುವ ಮುಂಚೆಯೇ ಅಳು ಶುರು. ಆದರೆ ಕಳಿಸಿದವರ ಕಿವಿಗೆ ಆ ಅಳು ಬೀಳುತ್ತಿರಲಿಲ್ಲ. 2013ರ ಜುಲೈಯಲ್ಲಿ ಆ ಸೇವೆ ನಿಂತೇ ಹೋಯಿತು. ಈಗ ಹೇಳುವವರೇ ಕೇಳಿಸಿಕೊಳ್ಳಬೇಕು, 40 ಮನೆ ಅಂದರೆ 40 ಸಲ.

ಊಟ, ದಿನಚರಿ, ಸಾಯುವ ಯೋಚನೆ ಏನಾದರೂ ಬರುತ್ತದೆಯೇ ಎಂದೆಲ್ಲ ವಿಚಾರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ದೀರ್ಘಕಾಲದ ಶೋಕ ಒಂದು ಕಾಯಿಲೆಯೇ. ಕನಿಷ್ಠ 6 ತಿಂಗಳು ದಾಟಿ, ದಿನದ ಬದುಕೇ ನಿಂತುಹೋಗುವಷ್ಟು ಅದು ಕಾಡಬೇಕು. ಸುಮಿತ್ರಮ್ಮ 6 ತಿಂಗಳು ದಾಟಿದ್ದರು, ನಿಜ. ಆದರೆ ಬಾಣಂತನ ಪೂರ್ತಿ ಅವರದೇ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದೂ ಅವರೇ. ಮನೋವೈದ್ಯರ ಹತ್ತಿರ ಕಳಿಸುವ ಅಗತ್ಯ ನನಗೆ ಕಾಣಲಿಲ್ಲ. (ನಿಮ್ಮ ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಸಾಯುವ ಮಾತಾಡುತ್ತಿದ್ದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.)

ಸುಳ್ಳಿನ ಬಗ್ಗೆ ಕೇಳಿದೆ, “ಆ ಮಾತು ಮೊದಲು ಎಷ್ಟು ಸಲ ಹೇಳಿದ್ದೀರಿ?” ಸ್ವಲ್ಪ ಹೊತ್ತು ಸುಮ್ಮನಿದ್ದರು. “ದಿನಾ ಹೇಳ್ತಿದ್ದೆ. ಅವರು ಮನೇಲಿ ಇದ್ದಿದ್ದೇ ಕಮ್ಮಿ” ಎಂದು ನಕ್ಕರು, ಆಮೇಲೆ ಅತ್ತರು. 34 ವರ್ಷದ ರೂಢಿ, ನಾಲಿಗೆ ಹಳೇ ದಾರಿ ಹಿಡಿದಿದೆ ಅಷ್ಟೇ. ಅದನ್ನು ಭಾವನಿಗೂ ಹಾಗೇ ಹೇಳಿ ಎಂದೆ.

ಫೋನನ್ನು ಹೇಗೆ ಮಾಡಬೇಕು ಎಂದು ಇಬ್ಬರೂ ಕೂತು ಯೋಚಿಸಿದೆವು. ರಾತ್ರಿ ಬೇಡ, ಬೆಳಿಗ್ಗೆ 11ರ ಸುಮಾರಿಗೆ. ಮೊದಲು ಭಾವನ ಸೊಸೆಗೆ ತಿಳಿಸಿ, ಅವರು ಪಕ್ಕದಲ್ಲಿರಲಿ. ಇಲ್ಲಿ ಇವರ ಪಕ್ಕ ಮಗ ಇರಲಿ. ‘ಸೀರಿಯಸ್’ ಅನ್ನುವ ಪದ ಬೇಡ. ನಮ್ಮಲ್ಲಿ ಸತ್ತವರನ್ನೂ ‘ಸೀರಿಯಸ್, ಬೇಗ ಹೊರಟು ಬನ್ನಿ’ ಅನ್ನುತ್ತೇವೆ. ಆರು ತಿಂಗಳ ಮೇಲೆ ಅದು ಕ್ರೂರವಾಗುತ್ತದೆ. ‘ತೀರಿಕೊಂಡರು’, ಯಾವಾಗ, ಹೇಗೆ, ಮೂರು ವಾಕ್ಯ ಸಾಕು. ವಿಚಾರಣೆ ಶುರುವಾದರೆ, “ಅದೆಲ್ಲ ಈಗ ಹೇಳೋಕೆ ಆಗಲ್ಲ, ಇನ್ನೊಂದು ದಿನ ಮಾತಾಡೋಣ” ಎಂದು ಇಡಬಹುದು. ಈ ವಾಕ್ಯವನ್ನು ಅವರು ನನ್ನೆದುರು ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿದರು. ಮೊದಲ ಸಲ ದನಿಯೇ ಬರಲಿಲ್ಲ.

ಶುಭ ಸುದ್ದಿಯ ವಿಷಯದಲ್ಲಿ ನಾನು ಸಂಪ್ರದಾಯದ ಜೊತೆ ವಾದಕ್ಕೆ ಇಳಿಯಲಿಲ್ಲ. ಗಂಡ ಹೋದ ಕೂಡಲೇ ಹೆಂಗಸಿನ ಬಾಯಿಂದ ಸಿಹಿ ಸುದ್ದಿ ಬರಬಾರದು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅದು ನನ್ನ ಮನೆಯಲ್ಲ. “ನಿಮಗೇನು ಬೇಕು?” ಎಂದು ಮಾತ್ರ ಕೇಳಿದೆ. “ಮೊಮ್ಮಗಳ ಸುದ್ದಿ ನಾನೇ ಹೇಳ್ಬೇಕು” ಎಂದರು, ಥಟ್ಟನೆ.

ಒಂದೇ ಫೋನಿನಲ್ಲಿ ಎರಡೂ ಸುದ್ದಿ ಬೇಡ, ಮಗುವಿನ ವಿಷಯ ವಾರ ಬಿಟ್ಟು ಹೇಳಿ ಎಂಬುದು ನನ್ನ ಸಲಹೆಯಾಗಿತ್ತು. ಅದು ನಡೆಯಲಿಲ್ಲ. ಭಾವ ಅತ್ತು, ಸುಧಾರಿಸಿಕೊಂಡು, “ಹುಡುಗಿ ಹೇಗಿದ್ದಾಳೆ?” ಎಂದು ತಾವೇ ಕೇಳಿದರಂತೆ. ಇವರು ಹೇಳಿಬಿಟ್ಟರು. ಆಮೇಲೆ ಇಪ್ಪತ್ತು ನಿಮಿಷ ಮಗುವಿನದೇ ಮಾತು. ಸುಳ್ಳಿನ ಬಗ್ಗೆ ಭಾವ ಅಂದದ್ದು ಇಷ್ಟು: “ಅವತ್ತು ನಿನ್ನ ದನಿ ಕೇಳಿದಾಗಲೇ ಅನುಮಾನ ಬಂತಮ್ಮ. ಕೇಳೋಕೆ ನನಗೇ ಧೈರ್ಯ ಬರಲಿಲ್ಲ.”

ಉಳಿದ ಮನೆಗಳನ್ನು ಹಂಚಿಕೊಂಡರು. ತೀರಾ ಹತ್ತಿರದ 12 ಮನೆ ಇವರಿಗೆ, ದಿನಕ್ಕೆ ಎರಡೇ. ಮಿಕ್ಕವು ಮಗನಿಗೆ. ನಾಲ್ಕನೇ ಭೇಟಿಗೆ ಬಂದಾಗ ಡೈರಿ ತೋರಿಸಿದರು. ಗಂಡನ ಓರೆ ಅಕ್ಷರದ ಕೆಳಗೆ ಇವರ ದುಂಡು ಅಕ್ಷರದಲ್ಲಿ ‘ಹೇಳಿದೆ’ ಎಂದು ಸಣ್ಣಗೆ ಬರೆದಿತ್ತು. ಇಬ್ಬರ ಹೆಸರಿನ ಮುಂದೆ ಏನೂ ಇರಲಿಲ್ಲ. “ಇವರಿಗೆ ಹೇಳಲ್ಲ ಮೇಡಂ, ಅವರಿಗೂ ಈ ಇಬ್ಬರನ್ನ ಕಂಡರೆ ಆಗ್ತಿರಲಿಲ್ಲ” ಎಂದರು. ನಾನೂ ಒತ್ತಾಯ ಮಾಡಲಿಲ್ಲ.