ಅಡಿಕೆ ಸುಲಿಯುವವರಿಗೆ ರಾತ್ರಿ ಕೈ ಜೋಮು: ನರ ಎಲ್ಲಿ ಒತ್ತಿಕೊಂಡಿರುತ್ತದೆ?

ಸುಲಿತ ಶುರುವಾದಾಗಿನಿಂದ ನಿಮ್ಮ ಆಯಿಗೆ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಎಲ್ಲರೂ ‘ಕುತ್ತಿಗೆ ನರ ಹಿಡಿದುಕೊಂಡಿದೆ’ ಅನ್ನುತ್ತಾರೆ, ನರ ಒತ್ತಿಕೊಳ್ಳಲು ಕಾರಣ ಏನೇನು ಎಂದು ಕೇಳಿದ್ದೀರಿ. ನನ್ನ ಅನುಮಾನ ಮೊದಲು ಹೋಗುವುದು ಕುತ್ತಿಗೆಯ ಮೇಲಲ್ಲ, ಮಣಿಕಟ್ಟಿನ ಮೇಲೆ. ಜೋಮು ಕಾಣಿಸುವುದು ಒಂದು ಕಡೆ, ನರ ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. ಹಾಗಾಗಿ ಯಾವ ಬೆರಳು ಎಂದು ಸರಿಯಾಗಿ ಕೇಳಿಕೊಳ್ಳಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ ಕಿರುಬೆರಳು ಸರಿಯಿದ್ದು, ಕೈ ಕೊಡವಿದರೆ ಹಗುರಾಗುತ್ತಿದ್ದರೆ ಬಹುಮಟ್ಟಿಗೆ ಅದು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದು. ಅಂಗೈ ಬುಡದಲ್ಲಿ ಮೂಳೆಗಳಿಗೂ ಒಂದು ಗಟ್ಟಿ ಪಟ್ಟಿಗೂ ನಡುವೆ ಇಕ್ಕಟ್ಟಾದ ದಾರಿಯಿದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಅಲ್ಲೇ ಹಾಯಬೇಕು. ದಿನವಿಡೀ ಅಡಿಕೆ ಬಿಗಿಯಾಗಿ ಹಿಡಿದು ಕತ್ತಿಗೆ ಒತ್ತಿ ತಿರುಗಿಸಿದರೆ ರಜ್ಜುಗಳ ಸುತ್ತಲ ಪೊರೆ ದಪ್ಪವಾಗಿ ನರಕ್ಕೆ ಜಾಗ ಸಾಲುವುದಿಲ್ಲ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದ ರಾತ್ರಿ ಜೋರು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಸಂಧಿವಾತ, ಬಸಿರು, ಹೆಚ್ಚಿದ ತೂಕ ಇವೂ ಕಾರಣವೇ. ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ಮತ್ತು ಶುಗರ್ ಪರೀಕ್ಷೆ ಮಾಡಿಸಿಬಿಡಿ.

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳಾದರೆ ಮೊಣಕೈ ನೋಡಬೇಕು: ಮೊಣಕೈ ಊರಿ ಕೂರುವುದು, ಮಡಚಿಕೊಂಡು ಫೋನ್ ಹಿಡಿಯುವುದು. ಅದರ ಜೊತೆ ಚರ್ಮದಲ್ಲಿ ಸ್ಪರ್ಶ ತಿಳಿಯದ ಮಾಸಲು ಮಚ್ಚೆಯಿದ್ದರೆ ಕುಷ್ಠದ ತಪಾಸಣೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಸಂಕೋಚ ಬೇಡ.

ಕುತ್ತಿಗೆಯದ್ದಾದರೆ ನೋವು ಹೆಗಲಿನಿಂದ ತೋಳಿಗೆ ಇಳಿಯುತ್ತದೆ, ಕತ್ತು ಹಿಂದಕ್ಕೆ ಬಾಗಿಸಿ ನೋಯುವ ಕಡೆ ತಿರುಗಿಸಿದರೆ ಹೆಚ್ಚುತ್ತದೆ. ವಯಸ್ಸಾದಂತೆ ಸವೆದ ಮೂಳೆ, ಉಬ್ಬಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಇದಕ್ಕೆ ಕಾರಣ. ಆದರೆ ಐವತ್ತು ದಾಟಿದವರ ಎಂಆರ್‌ಐಯಲ್ಲಿ ಸವೆತ ಕಾಣುವುದು ಮಾಮೂಲು. ಕೈ ಮುಟ್ಟಿ ಪರೀಕ್ಷಿಸದೆ ಬರೀ ಎಂಆರ್‌ಐಗಾಗಿ ಹುಬ್ಬಳ್ಳಿಗೆ ಓಡಬೇಡಿ. ಕತ್ತು ಲಟಕ್ಕನೆ ತಿರುಗಿಸುವವರ ಹತ್ತಿರವಂತೂ ಬೇಡವೇ ಬೇಡ.

ಕೈಯ ಮಾತು ಬಿಟ್ಟರೆ, ನರ ಸೊಂಟದಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕೊನೆಯ ಎರಡು ಡಿಸ್ಕ್‌ಗಳಲ್ಲಿ. ಬಗ್ಗಿ ಮೂಟೆ ಎತ್ತುವವರಿಗೆ, ರಂಪಣಿ ಬಲೆ ಎಳೆಯುವವರಿಗೆ ಈ ಅಪಾಯ ಇದ್ದದ್ದೇ. ಹಾಸಿಗೆ ಹಿಡಿಯದೆ ಆದಷ್ಟು ಓಡಾಡಿಕೊಂಡಿದ್ದರೆ ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕಳೆ ಕಿತ್ತವರಿಗೆ ಮಂಡಿಯ ಹೊರಬದಿಯ ನರ ಒತ್ತಿ ಪಾದ ಮೇಲೆತ್ತಲು ಬಾರದಿರುವುದೂ ಉಂಟು. ಎರಡೂ ಪಾದ ಒಂದೇ ಸಮ ಉರಿದರೆ ನರ ಒತ್ತಿದ್ದಕ್ಕಿಂತ ಸಕ್ಕರೆ ಕಾಯಿಲೆ ಅಥವಾ ಬಿ12 ಕೊರತೆಯ ಸಾಧ್ಯತೆ ಜಾಸ್ತಿ.

ಆಯಿಗೆ ಈಗ ಮಾಡಬೇಕಾದ್ದು: ಔಷಧಿ ಅಂಗಡಿಯಲ್ಲಿ ಸಿಗುವ ಮಣಿಕಟ್ಟಿನ ಸ್ಪ್ಲಿಂಟ್ (ಮಣಿಕಟ್ಟು ಬಾಗದಂತೆ ಹಿಡಿದಿಡುವ ಕಟ್ಟು) ತಂದು 6 ವಾರ ರಾತ್ರಿ ಕಟ್ಟಿ. ಕೆಲವದರ ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಾಗಿಸುವಂತಿರುತ್ತದೆ. ಪಟ್ಟಿ ಹೊರತೆಗೆದು ನೇರ ಮಾಡಿ ಹಾಕಿ, ಇಲ್ಲದಿದ್ದರೆ ಕಟ್ಟಿಯೂ ಗುಣ ಕಾಣದು. ಬಿಗಿಯಾಗಿ ಎಳೆಯಬೇಡಿ. ಕತ್ತಿ ಮೊಂಡಾದರೆ ಹಿಡಿತ ಬಿಗಿಯಾಗುತ್ತದೆ, ದಿನಾ ಮಸೆದುಕೊಡಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಸಡಿಲಿಸಲಿ.

ಕೊನೆಗೆ, ಆಯಿಯ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ಉಬ್ಬು ನೋಡಿ. ಬಲಗೈಯದು ಚಪ್ಪಟೆಯಾಗಿದ್ದರೆ, ಲೋಟ ಕೈಜಾರುತ್ತಿದ್ದರೆ ಸುಲಿತ ಮುಗಿಯಲಿ ಎಂದು ಕಾಯಬೇಡಿ. ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ ಈಗಲೇ ಮಾಡಿಸಿ. ಆ ಹಂತದಲ್ಲಿ ಸ್ಪ್ಲಿಂಟ್ ಸಾಲದೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಡವಾದಷ್ಟೂ ಸ್ನಾಯು ಮತ್ತೆ ತುಂಬಿಕೊಳ್ಳುವುದು ಕಷ್ಟ.