ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಕರುವಿನ ಹೊಕ್ಕುಳ ಗಾಯಕ್ಕೆ ಕೆಂಪು ಬೆಳಕಿನ ಚಿಕಿತ್ಸೆ ಮಾಡಿಸಬಹುದೇ?

ಪೂರಕವಾಗಿ ಮಾಡಿಸಬಹುದು, ಸೋಂಕು ತಡೆಯುವ ಅಯೋಡಿನ್‌ಗೆ ಬದಲಾಗಿ ಅಲ್ಲ. ಸುಮಾರು 600ರಿಂದ 1000 ನ್ಯಾನೋಮೀಟರ್ ತರಂಗಾಂತರದ ಕೆಂಪು ಹಾಗೂ ಅವಕೆಂಪು ಬೆಳಕನ್ನು ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಾದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರಿಕೊಳ್ಳುವುದರಿಂದ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಉತ್ಪಾದನೆ ಹೆಚ್ಚಿ, ಊತ ತಗ್ಗಿ, ಗಾಯ ಬೇಗ ಕೂಡಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ವಿವರಣೆ. ಬೆಳಕಿನ ಪ್ರಮಾಣ ಕಡಿಮೆಯಾದರೆ ಪರಿಣಾಮವಿಲ್ಲ. ಅತಿಯಾದರೆ ವಾಸಿಯಾಗುವುದೇ ನಿಧಾನವಾಗಬಹುದು. ಕೋಲಾರ, ಚಿಂತಾಮಣಿ ಕಡೆ ಚಳಿಗೆಂದು ಕೊಟ್ಟಿಗೆಯಲ್ಲಿ ಕೆಂಪು ಬಲ್ಬು ತೂಗುಹಾಕಿದರೆ ಅದು ಶಾಖಕ್ಕಷ್ಟೇ, ಚಿಕಿತ್ಸೆಯಲ್ಲ.

ಕರು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಬುಡದವರೆಗೂ ಶೇ. 7ರ ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಒಣ ಹುಲ್ಲಿನ ಮೇಲೆ ಮಲಗಿಸುವುದೇ ನನ್ನ ದೃಷ್ಟಿಯಲ್ಲಿ ಯಾವ ಬೆಳಕಿನ ಚಿಕಿತ್ಸೆಗಿಂತಲೂ ಮುಖ್ಯ. ಹೊಕ್ಕುಳ ಬಿಸಿಯಾಗಿ ದಪ್ಪಗಾಗಿ, ಮುಟ್ಟಿದರೆ ಕರು ನೋವಿನಿಂದ ಬೆನ್ನು ಬಾಗಿಸಿದರೆ ಸೋಂಕು ಒಳಗಿಳಿದಿರುವ ಸಾಧ್ಯತೆಯುಂಟು. ಆಗ ಬೆಳಕಿನ ಚಿಕಿತ್ಸೆಗಾಗಿ ಕಾಯದೆ ಪಶುವೈದ್ಯರನ್ನು ಕರೆಸಬೇಕು.