ನಾಯಿಗೆ ಇದೇ ಮೊದಲ ಸಮುದ್ರ

ಪ್ರಶ್ನೆ: ರಜೆಯಲ್ಲಿ ಊರು ಸುತ್ತಲು ಹೊರಟಿದ್ದೇವೆ. ನಮ್ಮ ಮೂರು ವರ್ಷದ ಲ್ಯಾಬ್ರಡಾರ್ ಕೂಡ ಜೊತೆಗಿರುತ್ತಾನೆ. ನೀರೆಂದರೆ ಅವನಿಗೆ ಪ್ರಾಣ, ಆದರೆ ಸಮುದ್ರ ನೋಡಿಲ್ಲ. ಬೀಚು, ಕಾಡಿನ ಕಾಲುದಾರಿ ಎರಡಕ್ಕೂ ಹೋಗುವ ಆಸೆ. ಏನೇನು ಗಮನಿಸಬೇಕು?

ಉತ್ತರ: ಅವನನ್ನು ಎಲ್ಲೋ ಬಿಟ್ಟು ಹೋಗದೆ ಜೊತೆಗೇ ಕರೆದೊಯ್ಯುತ್ತಿದ್ದೀರಲ್ಲ, ಓದಿ ಖುಷಿಯಾಯಿತು. ನಾಯಿಗಳಿಗೆ ಪ್ರವೇಶ ಇದೆಯೇ ಎಂದು ವಿಚಾರಿಸಿದರಷ್ಟೇ ಸಾಲದು. ಹತ್ತಿರದಲ್ಲಿ ನೆರಳಿದೆಯೇ, ಸಿಹಿನೀರು ಸಿಗುತ್ತದೆಯೇ ಎಂದೂ ಕೇಳಿಕೊಳ್ಳಿ.

ಲ್ಯಾಬ್ರಡಾರ್ ಎಂದಿರಿ, ಹಾಗಾಗಿ ನನಗೆ ಹೆಚ್ಚು ಚಿಂತೆ ಉಪ್ಪುನೀರಿನದು. ಅಲೆಗೆ ಚೆಂಡು ಎಸೆದಾಗ ಅವನು ಅದನ್ನು ಕಚ್ಚಿ ಈಜಿ ಬರುವುದನ್ನು ಹತ್ತಿರದಿಂದ ನೋಡಿ. ಚೆಂಡು ಅಡ್ಡವಿರುವುದರಿಂದ ಬಾಯಿ ಮುಚ್ಚುವುದಿಲ್ಲ, ತುಟಿಯ ಎರಡೂ ಬದಿಯಿಂದ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಬಾಯಾರಿಕೆ ಇಲ್ಲದಿದ್ದರೂ ಆಟದ ಭರದಲ್ಲಿ ನುಂಗುತ್ತಾನೆ. ಸ್ವಲ್ಪವಾದರೆ ಭೇದಿಯಲ್ಲಿ ಮುಗಿಯಬಹುದು. ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ವಾಂತಿ, ತೂರಾಟ, ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗುತ್ತದೆ. ಚೆಂಡಿನ ಬದಲು ತೇಲುವ ಚಪ್ಪಟೆ ಆಟಿಕೆ ಒಯ್ಯಿರಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ದಡಕ್ಕೆ ಕರೆದು ಬಟ್ಟಲಲ್ಲಿ ಸಿಹಿನೀರು ಕೊಡಿ, ಬೇಡವೆಂದು ಮುಖ ತಿರುಗಿಸಿದರೂ ಅಲ್ಲೇ ಕೂರಿಸಿಕೊಳ್ಳಿ.

ನಡು ಮಧ್ಯಾಹ್ನ ಬೀಚು ಬೇಡವೇ ಬೇಡ. ಮರಳಿನ ಮೇಲೆ ಅಂಗೈಯ ಹಿಂಬದಿಯನ್ನು 7 ಸೆಕೆಂಡ್ ಇಡಲಾಗದಿದ್ದರೆ ಅವನ ಪಾದವೂ ಸುಡುತ್ತದೆ. ನಾಯಿಯ ಮೈಶಾಖ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, 41 ದಾಟಿತೆಂದರೆ ಜೀವಕ್ಕೆ ಅಪಾಯ. ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲ ಅದಕ್ಕಿಲ್ಲ, ತೇಕುವುದೇ ದಾರಿ. ಬೆಳಗಿನ ಜಾವ, ಸಮುದ್ರದ ಇಳಿತದ ಹೊತ್ತಿಗೆ ಹೋಗಿ ನೋಡಿ: ಒದ್ದೆ ಮರಳು ಗಟ್ಟಿಯಾಗಿ, ತಣ್ಣಗಿರುತ್ತದೆ. ನೀರಿನಂಚಿನಲ್ಲೇ ನಡೆದರೆ ಮೇಲಿನ ಒಣ ಮರಳಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೂ ಆಮೆಗಳಿಗೂ ತೊಂದರೆಯಾಗದು.

ಮೊದಲ ಸಲ ಹಗ್ಗ ಬಿಚ್ಚಬೇಡಿ. ಹತ್ತು ಮೀಟರಿನ ಉದ್ದ ಹಗ್ಗ ಕಟ್ಟಿದರೆ ಅವನಿಗೆ ಓಡಲು ಜಾಗ, ನಿಮಗೆ ನೆಮ್ಮದಿ. ದಡಕ್ಕೆ ಬಿದ್ದ ಜೆಲ್ಲಿ ಮೀನು ಸತ್ತಿದ್ದರೂ ಚುಚ್ಚುತ್ತದೆ, ಗಾಳ ಸಿಕ್ಕಿಕೊಂಡ ಮೀನಿನ ತುಂಡೂ ಇರಬಹುದು. ‘ಬಿಡು’ ಎಂದರೆ ಬಿಡುವುದನ್ನು ಹೊರಡುವ ಮುನ್ನವೇ ಕಲಿಸಿಬಿಡಿ. ಇನ್ನೊಂದು ಮಾತು. ಅಲೆಯ ಸದ್ದಿಗೆ ಅವನು ಬೆದರಿದರೆ ಎಳೆಯಬೇಡಿ. ನಮ್ಮ ಚಿನ್ನುವಿಗೆ ಅಲೆ ಕಂಡರೆ ಆಗದು. ನೀರಿನಿಂದ ದೂರ ನಿಂತು ಒಂದೊಂದು ಚಿಪ್ಪನ್ನೂ ಮೂಸುತ್ತಾಳೆ, ಬಾಲ ಆಡುತ್ತಲೇ ಇರುತ್ತದೆ. ಅವಳಿಗೆ ಬೀಚೆಂದರೆ ಅಷ್ಟೇ, ಅದು ಸಾಕು.

ಕಾಡುದಾರಿಯಲ್ಲಿ ಹಸಿರು ಕೆನೆಗಟ್ಟಿದ ನಿಂತ ನೀರನ್ನು ಮುಟ್ಟಗೊಡಬೇಡಿ, ಅದರಲ್ಲಿನ ಪಾಚಿ ವಿಷವಾಗಿರಬಹುದು. ಮರಳಿದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಇದೆಯೇ ಎಂದು ಹುಡುಕಿ. ಸಮುದ್ರದಿಂದ ಬಂದರೆ ಸಿಹಿನೀರಲ್ಲಿ ಮೈ ತೊಳೆದು ಕಿವಿ ಒರೆಸಿ. ರೇಬೀಸ್ ಲಸಿಕೆಯ ಪುಸ್ತಕ ಚೀಲದಲ್ಲಿರಲಿ, ಹೋಗುವ ಜಾಗದ ಪಶುವೈದ್ಯರ ನಂಬರನ್ನೂ ಅದರಲ್ಲೇ ಬರೆದಿಟ್ಟುಕೊಳ್ಳಿ.